ಪಂಕ್ತಿ ಏಳಲಿಲ್ಲ, ಬಡಿಸಪ್ಪ ಬಿಡಲಿಲ್ಲ

"ಕೂತ್ಕೋ ವನಜಾ. ಎಲೆ ಮುಂದೆ ಸುಮ್ನೆ ಕೂತ್ಕೋ. ಏನೂ ಮುಟ್ಟಬೇಡ," ಅಂದರು ಸುಬ್ಬಕೃಷ್ಣಯ್ಯ.

ವನಜಾಕ್ಷಮ್ಮ ಕೂತರು. ತಿಪಟೂರಿನಲ್ಲಿ ಮದುವೆ, ಮುಂಜಿ, ಶಾಂತಿ ಯಾವುದೇ ಇರಲಿ, ಅಡುಗೆ ಕಂಟ್ರಾಕ್ಟ್ ಹಿಡಿದು ಊರಿಗೆಲ್ಲ ಎಲೆ ಹಾಕಿಸಿದ ಹೆಂಗಸು ಅವರು. ತಾವೇ ಒಂದು ಎಲೆ ಮುಂದೆ ನೆಮ್ಮದಿಯಾಗಿ ಕೂತು ಯಾವ ಕಾಲವಾಗಿತ್ತೋ. ಅದರಲ್ಲೂ ಗಂಡ ಬಡಿಸುತ್ತೇನೆಂದು ಕರೆದು ಕೂರಿಸಿದ್ದು ಮದುವೆಯಾದ ಮೇಲೆ ಇದೇ ಮೊದಲು. ಹಾಗಾಗಿ ಅವರಿಗೆ ಸಂತೋಷಕ್ಕಿಂತ ಅನುಮಾನವೇ ಜಾಸ್ತಿ ಇತ್ತು.

ಎಲೆಯ ತಲೆಯ ಕಡೆ ಒಂದು ಪುಟ್ಟ ಡಬ್ಬಿ ಇತ್ತು. ಅದಕ್ಕೊಂದು ಗಾಜಿನ ಕಣ್ಣು, ನೋಡಿದ್ದನ್ನು ಕೂಗಿ ಹೇಳಲು ಒಂದು ತಂತಿ, ಕೇಳಿಸಿಕೊಳ್ಳಲು ನಾಲ್ಕು ತೂತು. ಡಬ್ಬಿ ಎಲೆಯನ್ನು ಪರೀಕ್ಷೆ ಮಾಡಿತು. ತುದಿಯಲ್ಲಿ ಉಪ್ಪಿಲ್ಲ ಅನ್ನುವುದು ಅದಕ್ಕೆ ಸರಿಬೀಳಲಿಲ್ಲ ಅಂತ ಕಾಣುತ್ತದೆ, ಕಿಣಿಕ್ ಅಂದಿತು. ಅಡುಗೆಮನೆಯ ಒಳಗೆ ಏನೋ ಗುರುಗುಟ್ಟಿತು. ಸೂರಿಗೆ ಕಟ್ಟಿದ ಹಳಿಯ ಮೇಲೆ ಒಂದು ಉದ್ದನೆಯ ಕಬ್ಬಿಣದ ಕೈ ತೂಗಾಡುತ್ತಾ ಬಂದು, ಚಿಟಿಕೆ ಉಪ್ಪನ್ನು ಎಲೆಯ ತುದಿಗೆ ನಾಜೂಕಾಗಿ ಇಟ್ಟು, ಬಂದ ದಾರಿಯಲ್ಲೇ ವಾಪಸು ಹೋಯಿತು. ಹಿಂದೆಯೇ ಒಳಗಿನಿಂದ ಸುಬ್ಬಕೃಷ್ಣಯ್ಯನವರದೇ ದನಿ, ರೆಕಾರ್ಡ್ ಮಾಡಿದ್ದು, ಗಂಭೀರವಾಗಿ ಕೇಳಿಸಿತು: "ಬಡಿಸಿದ್ದಾಯ್ತು."

ಸುಬ್ಬಕೃಷ್ಣಯ್ಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಎಕ್ಸ್‌ಚೇಂಜು ಅವರನ್ನು ಬಿಟ್ಟರೂ ಅವರು ಎಕ್ಸ್‌ಚೇಂಜನ್ನು ಬಿಟ್ಟಿರಲಿಲ್ಲ. ಅಲ್ಲಿ ಗುಜರಿಗೆ ಹಾಕಿದ ಬ್ಯಾಟರಿ, ತಂತಿ, ಕಬ್ಬಿಣದ ಚೌಕಟ್ಟು ಎಲ್ಲವೂ ಒಂದೊಂದಾಗಿ ಇವರ ಮನೆಯ ಹಿತ್ತಿಲಿಗೆ ಬಂದು ಸೇರಿದ್ದವು.

"ಒಳಗೆ ಕೂತಿರೋದು ಸರ್ವರ್," ಅಂದರು ಎದೆಯುಬ್ಬಿಸಿ.

"ಸಪ್ಲೈಯರ್ ಅನ್ನಿ. ಹೋಟೆಲಲ್ಲಿ ಹಾಗೇ ಅನ್ನೋದು."

"ಅದಲ್ಲ ಕಣೇ, ಇದು ಕಂಪ್ಯೂಟರು. ಪ್ರೋಗ್ರಾಂ ಪೂರ್ತಿ ಸಿ ಭಾಷೆಯಲ್ಲಿ ನಾನೇ ಬರೆದಿದೀನಿ. ಹೆಸರು ಬಡಿಸಪ್ಪ ಅಂತ ಇಟ್ಟಿದೀನಿ. ನೋಡು, ಅವನು ಮಾಡೋ ಕೆಲಸಕ್ಕೆಲ್ಲ ಒಂದೊಂದು ನಂಬರು. ಒಂದು ಅಂದ್ರೆ ಉಪ್ಪು, ಎರಡು ಅಂದ್ರೆ ಉಪ್ಪಿನಕಾಯಿ, ಹೀಗೇ ಒಬ್ಬಟ್ಟು, ಮಜ್ಜಿಗೆವರೆಗೂ. ಡಬ್ಬಿ ದೂರದಿಂದಲೇ 'ಇಂಥಾ ಎಲೆಗೆ ಇಂಥಾ ನಂಬರು' ಅಂತ ಕರೆಯುತ್ತೆ. ಬಡಿಸಪ್ಪ ನಂಬರು ನೋಡಿ ಆ ಕೆಲಸ ಮಾಡ್ತಾನೆ. ಮಾಡಿ, 'ಬಡಿಸಿದ್ದಾಯ್ತು' ಅಂತ ಆ ಡಬ್ಬಿಗೆ ಉತ್ತರ ಕಳಿಸ್ತಾನೆ. ಅಷ್ಟೇ."

"ಉತ್ತರ ಹೋಗ್ದೇ ಇದ್ರೆ?"

"ಡಬ್ಬಿ ಇನ್ನೊಂದ್ಸಲ ಕರೆಯುತ್ತೆ."

"ಬಡಿಸಿರ್ತಾನೆ, ಉತ್ತರ ಮಾತ್ರ ದಾರೀಲಿ ಎಲ್ಲೋ ಬಿದ್ದುಹೋಗಿರುತ್ತೆ ಅನ್ನಿ. ಆಗ?"

ಸುಬ್ಬಕೃಷ್ಣಯ್ಯನವರಿಗೆ ಈ ಪ್ರಶ್ನೆ ಹಿಡಿಸಲಿಲ್ಲ. "ಆಗ ಇನ್ನೊಂದ್ಸಲ ಬಡಿಸ್ತಾನೆ. ಮೊದಲು ಬಡಿಸಿದ್ದು ಅವನಿಗೆ ನೆನಪಿರಲ್ಲ. ಒಂದು ಕೆಲಸ ಮುಗೀತು ಅಂದ್ರೆ ಅದನ್ನ ಅಲ್ಲಿಗೇ ಬಿಟ್ಟ. ದೊಡ್ಡ ದೊಡ್ಡ ಸರ್ವರುಗಳನ್ನೇ ಹಾಗೆ ಮಾಡಿರ್ತಾರೆ ವನಜಾ. ತಲೇಲಿ ಏನೂ ಇಟ್ಕೊಳ್ಳದೇ ಇರೋದ್ರಿಂದಲೇ ನಡುವೆ ಕೆಟ್ಟು ಬಿದ್ರೂ ಏನೂ ಆಗದ ಹಾಗೆ ತಾನೇ ಎದ್ದು ಕೂರ್ತಾನೆ."

"ಅಂಗಡಿಗೆ ಕಳಿಸಿದ್ರೆ ನೀವು ಬರ್ತೀರಲ್ಲ, ಹಾಗೆ," ಅಂದರು ವನಜಾಕ್ಷಮ್ಮ.

ಆದರೂ ಉಪ್ಪಿನಿಂದ ಶುರುವಾಗಿ ಕೋಸಂಬರಿ, ಪಲ್ಯ, ಚಿತ್ರಾನ್ನ ಎಲ್ಲ ಕ್ರಮವಾಗಿ ಬಂದಾಗ ಅವರ ಕಣ್ಣು ಅಗಲವಾಗಿದ್ದು ನಿಜ. ಒಂದು ಅಗಳು ಆಚೀಚೆ ಬೀಳಲಿಲ್ಲ. ಹತ್ತು ವರ್ಷ ಬಡಿಸಿ ಪಳಗಿದವರೂ ಪಲ್ಯವನ್ನು ಕೋಸಂಬರಿಗೆ ತಾಗಿಸುತ್ತಾರೆ, ಇವನು ತಾಗಿಸಲಿಲ್ಲ. ಚಿತ್ರಾನ್ನ ಬಂದಾಗ ಅವರು ಅಭ್ಯಾಸಬಲದಿಂದ "ಸಾಕು" ಅಂದರು. ಕೈ ತಟ್ಟನೆ ತಿರುಗಿ ಹೋಗಿಬಿಟ್ಟಿತು.

"ಇದೇನ್ರೀ ಇದು, ಸಾಕು ಅಂದ್ರೆ ಹೋಗೇಬಿಟ್ಟ?"

"ಸಾಕು ಅಂದ್ಯಲ್ಲ."

"ಮರ್ಯಾದಸ್ಥರು ಮೊದಲನೇ ಸಲ ಬಾಯಿಮಾತಿಗೆ ಸಾಕು ಅಂತಾರೆ. ಎರಡನೇ ಸಲ ಸಂಕೋಚಕ್ಕೆ ಅಂತಾರೆ. ಮೂರನೇ ಸಲವೂ ಅಂದ್ರೆ ಆಗ ಸೌಟು ಹಿಂದಕ್ಕೆ ತಗೋಬಹುದು. ಉಪಚಾರ ಗೊತ್ತಿಲ್ಲದವನು ಎಂಥಾ ಬಡಿಸಪ್ಪ?"

ಸುಬ್ಬಕೃಷ್ಣಯ್ಯ ಕೂಡಲೇ ಕಂಪ್ಯೂಟರಿನ ಮುಂದೆ ಕೂತರು. ಹೆಂಡತಿ ತಮ್ಮ ಯಂತ್ರದಲ್ಲಿ ಇಷ್ಟು ಆಸಕ್ತಿ ತೋರಿಸಿದ್ದೇ ಅವರಿಗೆ ಹಬ್ಬ. "ಹೇಳು, ಹೇಳು. ಇನ್ನೇನು ಕಲಿಸ್ಬೇಕು? ಪದಾರ್ಥ ಖಾಲಿಯಾದ್ರೆ 'ಇಲ್ಲ' ಅಂತ ಉತ್ತರ ಕಳಿಸಲಾ?"

"ಅಯ್ಯೋ, ಬೇಡಿ. ಶುಭಕಾರ್ಯದಲ್ಲಿ ಎಲೆ ಮುಂದೆ 'ಇಲ್ಲ' ಅನ್ನೋ ಮಾತು ಬರ್ಲೇಬಾರದು. ಎಲ್ಲಿದ್ರೂ ಹುಡುಕಿ ತಂದು ಹಾಕ್ಬೇಕು."

"ಮತ್ತೆ ನಿಲ್ಲಿಸೋದು ಯಾವಾಗ?"

"ಪಂಕ್ತಿ ಎದ್ದ ಮೇಲೆ. ಜನ ಎಲೆ ಮುಂದೆ ಕೂತಿರೋವಾಗ ಬಡಿಸೋ ಕೈ ನಿಂತ್ರೆ ಕರೆದವರ ಮಾನ ಹೋಗುತ್ತೆ."

ಅಷ್ಟನ್ನೂ ಸುಬ್ಬಕೃಷ್ಣಯ್ಯ ಒಂದು ಅಕ್ಷರ ಬಿಡದೆ ಪ್ರೋಗ್ರಾಮಿಗೆ ಸೇರಿಸಿದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಅಲ್ಲೇ.

ರೈಲ್ವೆ ಗೇಟಿನ ಪಕ್ಕದ ಛತ್ರ ಅಶ್ವತ್ಥನಾರಾಯಣ ರಾಯರದು. ಊರಿನಲ್ಲಿ ಛತ್ರಗಳಿಗೆ ಬರವಿಲ್ಲ, ಆದರೆ ಅಂಥ ಅಡುಗೆಮನೆ ಇನ್ನೆಲ್ಲೂ ಇರಲಿಲ್ಲ. ಹೊಗೆ ನಿಲ್ಲದಷ್ಟು ಎತ್ತರದ ಸೂರು, ಸಾಲಾಗಿ ಒಲೆ, ತಿರುಗಿಸಿದರೆ ನೀರು ಬರುವ ನಲ್ಲಿ. ವನಜಾಕ್ಷಮ್ಮನವರು ಇಷ್ಟು ವರ್ಷವೂ ಕೊಪ್ಪರಿಗೆ, ಕೊಳಗಗಳನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಇವತ್ತು ಈ ಛತ್ರ, ನಾಳೆ ಆ ಛತ್ರ ಅಂತ ತಿರುಗಿದವರು. ಮಂಡಿನೋವು ಬೇರೆ ಶುರುವಾಗಿತ್ತು. ತನ್ನದು ಅನ್ನುವ ಒಂದು ಒಲೆ ಇರಬೇಕು, ದಿನಾ ಪಾತ್ರೆ ಹೊತ್ತು ಅಲೆಯುವುದು ತಪ್ಪಬೇಕು, ಇಷ್ಟೇ ಅವರ ಆಸೆ. ಆ ಅಡುಗೆಮನೆ ಅವರಿಗೆ ಬೇಕೇ ಬೇಕಿತ್ತು. ಈ ವರ್ಷದಿಂದ ಛತ್ರದ ಅಡುಗೆಯನ್ನೆಲ್ಲ ಒಬ್ಬರಿಗೇ ವಹಿಸುತ್ತೇನೆ, ಯಾರಿಗೆ ಅನ್ನುವುದನ್ನು ನನ್ನ ಎಪ್ಪತ್ತರ ಶಾಂತಿಯ ಊಟ ಆದಮೇಲೆ ಹೇಳುತ್ತೇನೆ ಅಂದಿದ್ದರು ರಾಯರು. ಆ ಊಟದ ಕಂಟ್ರಾಕ್ಟು ವನಜಾಕ್ಷಮ್ಮನವರದಾಗಿತ್ತು.

ಅಡುಗೆ ಕೆಡುವ ಭಯ ಇರಲಿಲ್ಲ. ಅಡುಗೆಯ ಶ್ಯಾಮಭಟ್ಟರು ಬಾಯಿ ಜೋರು ಮಾಡಿದಷ್ಟೂ ಸಾರು ರುಚಿಯಾಗುತ್ತದೆ, ಶಾಂತಿಯ ದಿನ ಅವರು ಬೆಳಗಿನಿಂದಲೂ ಬೈಯುತ್ತಲೇ ಇದ್ದರು. ಕೆಟ್ಟಿದ್ದು ಬೇರೆ ಕಡೆಯಿಂದ.

"ಅಕ್ಕ, ಬಡಿಸೋರು ಒಬ್ರೂ ಬರಲ್ವಂತೆ," ಅಂದರು ಭಟ್ಟರು. "ಇವತ್ತು ದೊಡ್ಡ ಮುಹೂರ್ತ. ಎಲ್ಲಾ ಅರಸೀಕೆರೆ ಮದುವೆಗೆ ಹೊರಟುಹೋಗಿದಾರೆ."

"ನಿನ್ನೆ ಬರ್ತೀವಿ ಅಂದಿದ್ರಲ್ಲ?"

"ನಿನ್ನೆ ಅಂದಿದ್ದು ನಿಜ. ಅಲ್ಲಿ ಬಡಿಸೋರಿಗೂ ಐಸ್‌ಕ್ರೀಂ ಇದೆ ಅಂತ ಇವತ್ತು ಗೊತ್ತಾಗಿದೆ."

ವನಜಾಕ್ಷಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ಅಷ್ಟರಲ್ಲಿ ಹಿಂಬಾಗಿಲಲ್ಲಿ ಲಗೇಜ್ ಆಟೋ ನಿಂತ ಸದ್ದಾಯಿತು. ನೋಡಿದರೆ ಗಂಡ. ಆಟೋ ತುಂಬ ಬಡಿಸಪ್ಪನ ಹಳಿ, ಹೊಸದಾಗಿ ಮಾಡಿದ ಇನ್ನಷ್ಟು ಕೈಗಳು, ಬ್ಯಾಟರಿ, ಬುಟ್ಟಿ ತುಂಬ ಡಬ್ಬಿಗಳು. ಬಡಿಸುವವರು ಕೈಕೊಟ್ಟ ಸುದ್ದಿ ಯಾರು ಮುಟ್ಟಿಸಿದರೋ ದೇವರೇ ಬಲ್ಲ. ಹೆಂಡತಿಯ ಕಷ್ಟಕಾಲದಲ್ಲಿ ಗಂಡನ ಮುಖ ಅಷ್ಟು ಅರಳಬಾರದಿತ್ತು.

"ರೀ, ನಿಜ ಹೇಳಿ. ಒಂದೆಲೆಗೆ ಬಡಿಸಿದ್ದು ನೋಡಿದೀನಿ. ಒಂದು ಪಂಕ್ತಿಗೆ ಆಗುತ್ತಾ?"

"ಒಂದೆಲೆಗೆ ಆದದ್ದು ನೂರು ಎಲೆಗೆ ಯಾಕಾಗಲ್ಲ? ಪ್ರೋಗ್ರಾಂ ಅದೇ ತಾನೇ."

ಒಂದು ಪಾವು ಅಕ್ಕಿ ಬೆಂದ ಹಾಗೆ ಒಂದು ಮೂಟೆ ಅಕ್ಕಿ ಬೇಯುವುದಿಲ್ಲ ಅನ್ನುವುದು ವನಜಾಕ್ಷಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬೇರೆ ದಾರಿ ಇರಲಿಲ್ಲ. "ಕಟ್ಟಿ," ಅಂದರು.

ಮೊದಲ ಪಂಕ್ತಿ ಕೂತಿತು. ಮೇಜು ಕುರ್ಚಿ ಬಂದು ಎಷ್ಟೋ ಕಾಲವಾಗಿದ್ದರೂ ಆ ಊರಿನಲ್ಲಿ ಎರಡು ಪದ್ಧತಿ ಬದಲಾಗಿರಲಿಲ್ಲ. ಒಂದು, ಎರಡನೇ ಪಂಕ್ತಿಯವರು ಮೊದಲನೇ ಪಂಕ್ತಿಯವರ ಕುರ್ಚಿ ಹಿಡಿದು ಬೆನ್ನ ಹಿಂದೆಯೇ ನಿಂತಿರುತ್ತಾರೆ, ಇಲ್ಲದಿದ್ದರೆ ಜಾಗ ಸಿಕ್ಕುವುದಿಲ್ಲ. ಇನ್ನೊಂದು, ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯರು ಏಳುವ ತನಕ ಉಳಿದವರು ಏಳುವ ಹಾಗಿಲ್ಲ. ಅವತ್ತಿನ ಹಿರಿಯರು ಸೀತಾಪತಿ ಶಾಸ್ತ್ರಿಗಳು. ತೊಂಬತ್ತು ಸಮೀಪಿಸಿದ್ದರೂ ಊಟಕ್ಕೆ ಕೂತರೆ ಅವಸರವಿಲ್ಲ. ಎಲೆಯ ಮೇಲೆ ಒಂದು ಅಗಳು ಬಿಟ್ಟು ಎದ್ದವರಲ್ಲ, ಬಿಡುವವರನ್ನು ಕಂಡರೆ ಸುಮ್ಮನಿರುವವರೂ ಅಲ್ಲ. ಅವರ ಪಕ್ಕದಲ್ಲಿ ಹೊಸ ಪಂಚೆ ಉಟ್ಟ ರಾಯರು ಕೂತಿದ್ದರು.

ಕಿಣಿಕ್, ಕಿಣಿಕ್ ಅಂತ ಡಬ್ಬಿಗಳೆಲ್ಲ ಕರೆದವು. ಹಳಿಯ ಮೇಲೆ ಕಬ್ಬಿಣದ ಕೈಗಳು ಸಾಲಾಗಿ ಹೊರಟವು. ಎಲೆ ಎಲೆಗೂ ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ಬೆನ್ನ ಹಿಂದೆ ನಿಂತವರು ಬಾಯಿ ತೆರೆದು ನೋಡಿದರು. ರಾಯರು ಹುಬ್ಬು ಮೇಲೆತ್ತಿ ವನಜಾಕ್ಷಮ್ಮನವರ ಕಡೆ ತಿರುಗಿ, "ಭೇಷ್ ಕಣಮ್ಮ," ಅಂದರು. ವನಜಾಕ್ಷಮ್ಮನವರ ಎದೆಯ ಮೇಲಿನ ಭಾರ ಇಳಿಯಿತು. ಒಂದು ಗಳಿಗೆ ತಮ್ಮ ಗಂಡನ ಮೇಲೆ ಪ್ರೀತಿಯೂ ಉಕ್ಕಿತು.

ಪಾಯಸ ಬರುವ ಹೊತ್ತಿಗೆ ಕೊನೆಯ ಕುರ್ಚಿಯ ಮೇಷ್ಟರು ಕೈಯೆತ್ತಿದರು. "ಅಮ್ಮಾ, ನನಗೆ ಉಪ್ಪು ಸಾಕು."

ಅವರ ಎಲೆಯ ತುದಿಯಲ್ಲಿ ಉಪ್ಪು ಗುಡ್ಡೆಯಾಗಿತ್ತು. ನೋಡುತ್ತಿದ್ದಂತೆಯೇ ಕೈ ಮತ್ತೆ ಬಂದು ಇನ್ನೊಂದು ಚಿಟಿಕೆ ಇಟ್ಟಿತು. ಆಚೆಯವರಿಗೆ ಉಪ್ಪಿನಕಾಯಿ ರಾಶಿ ಬಿದ್ದಿತ್ತು. ಈಚೆಯವರು ಕೋಸಂಬರಿಯ ಹಿಂದೆ ಮರೆಯಾಗುತ್ತಿದ್ದರು.

ವನಜಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಓಡಿದರು. ಸುಬ್ಬಕೃಷ್ಣಯ್ಯ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ ಕೂತಿದ್ದರು.

"ಏನ್ರೀ ಆಗಿದೆ ಅವನಿಗೆ?"

"ಗೊತ್ತಾಯ್ತು ವನಜಾ, ಗೊತ್ತಾಯ್ತು. ಉತ್ತರ ಇಟ್ಟು ಕಳಿಸೋಕೆ ಪ್ರೋಗ್ರಾಮಲ್ಲಿ ಒಂದೇ ಜಾಗ ಮಾಡಿಬಿಟ್ಟಿದೀನಿ, ಒಂದು ತಟ್ಟೆ ಇಟ್ಟ ಹಾಗೆ. ಮನೇಲಿ ಒಂದೇ ಎಲೆ ಇತ್ತು, ನಡೀತು. ಇಲ್ಲಿ ಎಲ್ಲಾ ಒಟ್ಟಿಗೇ ಕರೀತಾರೆ. ಮೇಷ್ಟ್ರ ಉಪ್ಪಿನ ಉತ್ತರ ತಟ್ಟೇಲಿ ಇಟ್ಟು ಕಳಿಸೋಷ್ಟರಲ್ಲಿ ಪಕ್ಕದವರ ಪಾಯಸದ ಉತ್ತರ ಅದರ ಮೇಲೇ ಬಂದು ಕೂತ್ಕೊಳುತ್ತೆ. ಮೇಷ್ಟ್ರ ಡಬ್ಬಿಗೆ ಪಾಯಸದ ಉತ್ತರ ಹೋಗುತ್ತೆ. ಅದು 'ನನ್ನ ಉಪ್ಪೇನಾಯ್ತು' ಅಂತ ಮತ್ತೆ ಕರೆಯುತ್ತೆ."

"ಇಷ್ಟೂ ಜನಕ್ಕೆ ಒಂದೇ ತಟ್ಟೆಯಾ? ಎಂಜಲಾ‌ಗಲ್ವೇನ್ರೀ?"

"ಸಿ ಭಾಷೇಲಿ ಎಂಜಲು ಅಂತ ಇಲ್ಲ ಕಣೇ."

"ಅದಕ್ಕೇ ಈ ಗತಿ. ಮೊದಲು ಅವನನ್ನ ನಿಲ್ಸಿ."

ಸುಬ್ಬಕೃಷ್ಣಯ್ಯ ಒಂದು ಗುಂಡಿ ಒತ್ತಿದರು. ಕೈಗಳೆಲ್ಲ ಎಲ್ಲಿದ್ದವೋ ಅಲ್ಲೇ ನಿಂತವು. ಊಟದ ಮನೆಯಲ್ಲಿ ನಿಶ್ಶಬ್ದವಾಯಿತು. ಜನ ಇದೇ ಸಮಯ ಅಂತ ಎಲೆಯ ಮೇಲಿದ್ದುದನ್ನು ಅವಸರವಸರವಾಗಿ ಖಾಲಿ ಮಾಡಿದರು. ಶಾಸ್ತ್ರಿಗಳು ಮಾತ್ರ ಇನ್ನೂ ಪಾಯಸದ ಕೊನೆಯ ಗುಟುಕಿನಲ್ಲಿದ್ದರು, ಹಾಗಾಗಿ ಯಾರೂ ಏಳುವ ಹಾಗಿರಲಿಲ್ಲ. ಸುಬ್ಬಕೃಷ್ಣಯ್ಯ ತಪ್ಪು ಇರುವ ಸಾಲನ್ನು ಹುಡುಕಲು ಕನ್ನಡಕ ಒರೆಸಿಕೊಂಡರು. ಒರೆಸಿ ಮುಗಿಯುವ ಮೊದಲೇ ಬಡಿಸಪ್ಪ ಗುರ್ ಅಂದು ತಾನಾಗಿಯೇ ಎದ್ದು ಕೂತ.

"ನಿಲ್ಸಿ ಅಂದ್ನಲ್ಲ?"

"ನಿಲ್ಸಿದೆ. ಬಿದ್ರೆ ತಾನೇ ಏಳೋ ಹಾಗೆ ಮಾಡಿದೀನಿ ಅಂತ ಅವತ್ತೇ ಹೇಳಿದ್ನಲ್ಲ." ಅವರ ದನಿಯಲ್ಲಿ ಹೆಮ್ಮೆ ಪೂರ್ತಿ ಆರಿರಲಿಲ್ಲ.

ಎದ್ದು ಕೂತ ಬಡಿಸಪ್ಪನಿಗೆ ಹಿಂದಿನದು ಒಂದೂ ನೆನಪಿರಲಿಲ್ಲ. ಯಾರಿಗೆ ಏನು ಬಡಿಸಿದ್ದೆ, ಯಾರು ಎಷ್ಟು ಉಂಡರು, ಏನೂ ಇಲ್ಲ. ಅವನ ಮುಂದೆ ಒಂದು ಸಾಲು ಎಲೆ ಇತ್ತು, ಎಲೆಗಳು ಖಾಲಿ ಇದ್ದವು. ಅಂದ ಮೇಲೆ ಊಟ ಈಗಷ್ಟೇ ಶುರು. ಅವನು ಮತ್ತೆ ಉಪ್ಪಿನಿಂದ ಹಿಡಿದ.

ವನಜಾಕ್ಷಮ್ಮ ಹೋಗಿ ಛತ್ರದ ಮೈನ್ ಸ್ವಿಚ್ಚನ್ನೇ ಎಳೆದರು. ಫ್ಯಾನು ನಿಂತಿತು, ದೀಪ ಆರಿತು, ನಾದಸ್ವರದವರ ಮೈಕು ಕೂಡ ಸುಮ್ಮನಾಯಿತು. ಬಡಿಸಪ್ಪ ಮಾತ್ರ ಕೋಸಂಬರಿಗೆ ಬಂದಿದ್ದ. ಎಕ್ಸ್‌ಚೇಂಜಿನ ಬ್ಯಾಟರಿ ಅದು, ಇಡೀ ತಿಪಟೂರಿನ ಫೋನುಗಳನ್ನು ಸಾಕಿದ್ದು.

"ಆ ಬ್ಯಾಟರಿ ತಂತೀನೇ ಕಿತ್ತುಬಿಡ್ತೀನಿ," ಅಂದರು ವನಜಾಕ್ಷಮ್ಮ.

"ಬೇಡ ಕಣೇ! ಶಕ್ತಿ ಹೋದ್ರೆ ಕೈಗಳೆಲ್ಲ ಒಮ್ಮೆಲೇ ಕೆಳಗೆ ಬೀಳ್ತವೆ. ಸಾರಿನ ಕೈಗಳೂ ಸಾಲಲ್ಲಿ ಕಾಯ್ತಿವೆ, ಒಂದೊಂದರಲ್ಲೂ ಒಂದು ಬಕೀಟು ಬಿಸಿ ಸಾರಿದೆ."

ಬಕೀಟುಗಳಲ್ಲಿ ಒಂದು ಸರಿಯಾಗಿ ರಾಯರ ನೆತ್ತಿಯ ಮೇಲೆ ತೂಗುತ್ತಿತ್ತು. ವನಜಾಕ್ಷಮ್ಮ ಸ್ವಿಚ್ಚನ್ನು ಮತ್ತೆ ಮೇಲೆತ್ತಿ ಹಾಕಿದರು. ಸೆಖೆಯಾದರೂ ಕಮ್ಮಿಯಾಗಲಿ ಅಂತ.

ಅವರು ಊಟದ ಮನೆಗೆ ಬಂದು ನೋಡಿದಾಗ ರಾಯರು ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದಿದ್ದರು. ಬಡಿಸುವವರು ಮನುಷ್ಯರಾಗಿದ್ದರೆ ಅಷ್ಟಕ್ಕೆ ಮುಂದೆ ಹೋಗುತ್ತಿದ್ದರು. ಬಡಿಸಪ್ಪ ಕೈಗಳ ಮೇಲೆ ಒಂದೊಂದು ಒಬ್ಬಟ್ಟು ಇಟ್ಟು, ಅದರ ಮೇಲೆ ತುಪ್ಪ ಹಾಕಿ, "ಬಡಿಸಿದ್ದಾಯ್ತು" ಅಂದ.

"ಸಾಕು," ಅಂದರು ರಾಯರು. ಇನ್ನೊಂದು ಬಂತು. "ಸಾಕಪ್ಪ." ಇನ್ನೊಂದು ಬಂತು. "ಸಾಕು ಅಂದ್ನಲ್ಲ, ಸಾಕು!" ಬಂದದ್ದು ತುಪ್ಪ.

ವನಜಾಕ್ಷಮ್ಮ ತಿರುಗಿ ಅಡುಗೆಮನೆಗೆ ಓಡಿದರು. "ರೀ, ರಾಯರು ಮೂರು ಸಲ ಅಂದ್ರು. ನಾನೇ ಕೇಳಿಸ್ಕೊಂಡೆ. ಯಾಕೆ ನಿಲ್ತಿಲ್ಲ?"

ಸುಬ್ಬಕೃಷ್ಣಯ್ಯ ಹಣೆ ತೀಡಿಕೊಂಡರು. ಮಾತು ಮೆಲ್ಲಗೆ ಬಂತು. "ಮೂರನೇ ಸಾಕಿಗೆ ನಿಲ್ಲು ಅಂತ ಕಲಿಸಿದೀನಿ ನಿಜ. ಆದ್ರೆ ಎರಡು ಸಾಕು ಆಗಿದೆ ಅಂತ ಅವನಿಗೆ ನೆನಪಿರ್ಬೇಕಲ್ಲ. ಹೋದ ಸಲ ಅಂದಿದ್ದನ್ನ ಅವನು ಬಿಟ್ಟುಬಿಟ್ಟಿರ್ತಾನೆ. ಅವನಿಗೆ ಪ್ರತಿಯೊಂದೂ ಮೊದಲನೇ ಸಾಕು."

"ಮೊದಲನೇ ಸಾಕು ಅಂದ್ರೆ?"

"ನೀನೇ ಹೇಳಿದ್ಯಲ್ಲ. ಬಾಯಿಮಾತಿಗೆ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪಚಾರ ಹೆಂಡತಿಯದು, ಮರೆವು ಗಂಡನದು. ಎರಡೂ ಕೂಡಿ ಸಂಸಾರ ಇಷ್ಟು ವರ್ಷ ನಡೆದಿತ್ತು. ಯಂತ್ರ ನಡೆಯಲಿಲ್ಲ.

ಹೊರಗೆ ಪರಿಸ್ಥಿತಿ ಹೀಗಿತ್ತು. ಪಂಕ್ತಿ ಎದ್ದರೆ ಬಡಿಸಪ್ಪ ನಿಲ್ಲುತ್ತಾನೆ. ಶಾಸ್ತ್ರಿಗಳು ಎದ್ದರೆ ಪಂಕ್ತಿ ಏಳುತ್ತದೆ. ಎಲೆ ಖಾಲಿಯಾದರೆ ಶಾಸ್ತ್ರಿಗಳು ಏಳುತ್ತಾರೆ. ಎಲೆ ಖಾಲಿಯಾದ ಮರುಗಳಿಗೆ ಬಡಿಸಪ್ಪ ತುಂಬಿಸುತ್ತಾನೆ. ಶಾಸ್ತ್ರಿಗಳು ಒಂದು ಮಾತೂ ಆಡದೆ, ಬಂದದ್ದನ್ನು ಬಂದ ಹಾಗೆ, ನಿಧಾನವಾಗಿ, ಶ್ರದ್ಧೆಯಿಂದ ಮುಗಿಸುತ್ತಿದ್ದರು. ಉಳಿದವರಿಗೆ ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅನ್ನುವ ಗಾದೆಯ ಅರ್ಥ ಪೂರ್ತಿಯಾಗಿ ಆಗಿತ್ತು. ಒಬ್ಬರು ಮೇಜಿನ ಕೆಳಗೆ ಪಂಚೆಯ ಗಂಟು ಸಡಿಲಿಸಿಕೊಂಡರು. ಮೇಷ್ಟರು ಕಣ್ಣು ಮುಚ್ಚಿ ಏನೋ ಜಪ ಮಾಡುತ್ತಿದ್ದರು. ಕುರ್ಚಿ ಹಿಡಿದು ನಿಂತ ಎರಡನೇ ಪಂಕ್ತಿಯವರು ಮೊದಲು ಹಸಿವಿನಿಂದ ನೋಡುತ್ತಿದ್ದವರು, ಆಮೇಲೆ ಕರುಣೆಯಿಂದ ನೋಡಿದರು, ಈಗ ಭಯದಿಂದ ನೋಡುತ್ತಿದ್ದರು.

"ಶಾಸ್ತ್ರಿಗಳೇ, ಸ್ವಲ್ಪ ಮಿಗಿಸಿ ಏಳಿ. ನಮ್ಮನ್ನ ಉಳಿಸಿ," ವನಜಾಕ್ಷಮ್ಮ ಬಗ್ಗಿ ಬೇಡಿಕೊಂಡರು.

"ಅನ್ನ ಪರಬ್ರಹ್ಮ ತಾಯೀ," ಅಂದರು ಶಾಸ್ತ್ರಿಗಳು, ಆರನೆಯದೋ ಏಳನೆಯದೋ ಒಬ್ಬಟ್ಟನ್ನು ಮುರಿಯುತ್ತಾ. "ಬಿಟ್ಟು ಏಳೋದು ಹೇಗೆ?"

ಅಡುಗೆಮನೆಯಿಂದ ಶ್ಯಾಮಭಟ್ಟರ ಕೂಗು ಬಂತು. ಒಬ್ಬಟ್ಟಿನ ಪರಾತ ಬರಿದಾಗಿತ್ತು. "ಇಲ್ಲ" ಅನ್ನುವುದನ್ನು ಕಲಿಯದ ಬಡಿಸಪ್ಪ ಈಗ ಹುಡುಕಲು ಹೊರಟಿದ್ದ. ಮೊದಲು ದೇವರ ಮುಂದಿನ ನೈವೇದ್ಯದ ತಟ್ಟೆಗೆ ಕೈ ಹಾಕಿ ಎರಡನ್ನು ತೆಗೆದ. ಆಮೇಲೆ ಭಟ್ಟರ ಬ್ಯಾಗಿನ ಜಿಪ್ಪು ಎಳೆದ. ಮನೆಗೆಂದು ಭಟ್ಟರು ಪಂಚೆಯಲ್ಲಿ ಸುತ್ತಿಟ್ಟಿದ್ದ ಒಬ್ಬಟ್ಟಿನ ಕಟ್ಟು ಎಲ್ಲರ ಕಣ್ಣೆದುರು ಗಾಳಿಯಲ್ಲಿ ತೇಲುತ್ತಾ ಊಟದ ಮನೆಗೆ ಹೋಯಿತು.

"ಅದು... ಉಪ್ಪು ಸರಿಯಿದೆಯಾ ನೋಡೋಕೆ ಇಟ್ಕೊಂಡಿದ್ದು," ಅಂದರು ಭಟ್ಟರು.

"ಒಬ್ಬಟ್ಟಿಗಾ?" ಅಂದರು ವನಜಾಕ್ಷಮ್ಮ. ಆದರೆ ಜಗಳಕ್ಕೆ ಸಮಯವಿರಲಿಲ್ಲ. ಹುಳಿ, ಸಾರು, ಅನ್ನ, ಒಂದೊಂದೇ ಪಾತ್ರೆಯ ತಳ ಕಾಣುತ್ತಿತ್ತು. ಮೂಲೆಯಲ್ಲಿ ಮಾತ್ರ ಒಂದು ಕೊಳಗ ಬಿಸಿಬೇಳೆಬಾತು ಉಳಿದಿತ್ತು, ಅಡುಗೆಯವರಿಗೂ ಪಾತ್ರೆ ತೊಳೆಯುವವರಿಗೂ ಅಂತ ಮಾಡಿದ್ದು. ಒಂದು ಕೈ ಅದರ ಕಡೆ ತಿರುಗಿತು. ಭಟ್ಟರು ಒಂದೇ ನೆಗೆತಕ್ಕೆ ಹೋಗಿ ಮುಚ್ಚಳದ ಮೇಲೆ ಕೂತುಬಿಟ್ಟರು. ಕೈ ಎಳೆಯಿತು, ಭಟ್ಟರು ಅಲುಗಲಿಲ್ಲ. ಅವರ ಮೈತೂಕ ಜೀವಮಾನದಲ್ಲಿ ಮೊದಲ ಸಲ ಉಪಕಾರಕ್ಕೆ ಬಂತು.

ಅಡುಗೆಮನೆಯಲ್ಲಿ ಸಿಗದೇ ಹೋದದ್ದನ್ನು ಹುಡುಕುತ್ತಾ ಬಡಿಸಪ್ಪ ಊಟದ ಮನೆಗೇ ಬಂದ. ಅವನಿಗೆ ಬೇಕಾದ ಒಬ್ಬಟ್ಟು ಕಣ್ಣಿಗೆ ಬಿತ್ತು. ರಾಯರ ಎಲೆಯ ಮೇಲೆ, ಗುಡ್ಡೆಯ ತುದಿಯಲ್ಲಿ, ರಾಯರು ಒಂದು ಸಲ ಕಚ್ಚಿ ಇಟ್ಟಿದ್ದ ಒಬ್ಬಟ್ಟು. ಕೈ ಅದನ್ನು ನಾಜೂಕಾಗಿ ಎತ್ತಿತು. ಎತ್ತಿ, ಪಕ್ಕದ ಎಲೆಗೆ, ಅಂದರೆ ಈಗಷ್ಟೇ ಖಾಲಿಯಾದ ಶಾಸ್ತ್ರಿಗಳ ಎಲೆಗೆ, ಬಡಿಸಲು ಮುಂದೆ ಚಾಚಿತು.

"ಎಂಜಲು!" ಅಂದರು ಶಾಸ್ತ್ರಿಗಳು.

ದಿನಾ ಕುರ್ಚಿಯಿಂದ ಏಳಲು ಇಬ್ಬರ ತೋಳು ಬೇಕಾಗಿದ್ದವರು ಚೆಂಡಿನ ಹಾಗೆ ನೆಗೆದು ಕುರ್ಚಿಯ ಹಿಂದೆ ನಿಂತಿದ್ದರು. ಅವರು ಎದ್ದದ್ದೇ ತಡ, ಇಡೀ ಪಂಕ್ತಿ ಒಂದೇ ಉಸಿರಿಗೆ ಎದ್ದಿತು. ಕುರ್ಚಿಗಳು ಉರುಳಿದವು. ಡಬ್ಬಿಗಳ ಕಣ್ಣಿಗೆ ಎಲೆ ಮುಂದೆ ಕೂತವರು ಒಬ್ಬರೂ ಕಾಣಲಿಲ್ಲ. ಕೈಗಳೆಲ್ಲ ಬಕೀಟು ಸಮೇತ ಸಾವಧಾನವಾಗಿ ಅಡುಗೆಮನೆಗೆ ಹಿಂತಿರುಗಿ, ಮಡಚಿಕೊಂಡು ಸುಮ್ಮನಾದವು.

"ಬಡಿಸಿದ್ದಾಯ್ತು," ಅಂತ ಕೇಳಿಸಿತು.

ಶಾಸ್ತ್ರಿಗಳು ಸ್ನಾನಕ್ಕೆ ಹೊರಟರು. ಹೋಗುತ್ತಾ ವನಜಾಕ್ಷಮ್ಮನವರ ಹತ್ತಿರ ನಿಂತು, "ಊಟ ಬಹಳ ಚೆನ್ನಾಗಿತ್ತು ತಾಯೀ, ಎರಡು ಸಲವೂ," ಅಂದರು. ವನಜಾಕ್ಷಮ್ಮನವರ ಕಿವಿಗೆ ಅದು ಬೀಳಲಿಲ್ಲ. ಎರಡನೇ ಪಂಕ್ತಿಯ ಅಷ್ಟೂ ಜನ ಎದುರಿಗಿದ್ದರು. ಅಡುಗೆಮನೆಯಲ್ಲಿ ಭಟ್ಟರ ಕೆಳಗಿನ ಒಂದು ಕೊಳಗ ಬಿಟ್ಟರೆ ಮಜ್ಜಿಗೆಯ ಹಂಡೆ ಒಂದೇ ಉಳಿದಿತ್ತು. ಕರೆದ ಜನರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಮೇಲೆ ಯಾವ ಅಡುಗೆಮನೆ, ಯಾವ ಒಲೆ? ಅವರ ಕಣ್ಣಲ್ಲಿ ನೀರು ತುಂಬಿಕೊಂಡಿತು. ಆದರೆ ಅಳುತ್ತಾ ಕೂರುವ ಜಾಯಮಾನ ಅವರದಲ್ಲ.

"ಭಟ್ರೇ, ಏಳಿ ಮೇಲೆ. ಹೊಸ ಎಲೆ ಹಾಕ್ಸಿ. ಸೌಟು ನಾನು ಹಿಡೀತೀನಿ. ರೀ, ನೀವು ಮಜ್ಜಿಗೆ ಬಕೀಟು ತಗೊಳ್ಳಿ. ಡಬ್ಬಿ ಗಿಬ್ಬಿ ಮುಟ್ಟಿದ್ರೆ ನೋಡಿ ಮತ್ತೆ."

ಎರಡನೇ ಪಂಕ್ತಿ ಕೂತಿತು. ಕುರ್ಚಿಯ ಅಂಚಿನಲ್ಲಿ, ಏಳಲು ಅನುಕೂಲವಾಗುವ ಹಾಗೆ ಕೂತರು. ವನಜಾಕ್ಷಮ್ಮ ಮೊದಲನೇ ಎಲೆಗೆ ಒಂದು ಸೌಟು ಬಿಸಿಬೇಳೆಬಾತು ಹಾಕಿ, ಕೊಳಗದ ತಳವನ್ನು ನೆನೆಯುತ್ತಾ, ಬಾಯಲ್ಲಿ ಮಾತ್ರ ಎಂದಿನಂತೆ, "ಇನ್ನೊಂದು ಚೂರು?" ಅಂದರು.

"ಸಾಕು," ಅಂದ ಆ ಮನುಷ್ಯ. ಬಾಯಿಮಾತಿಗಲ್ಲ, ಸಂಕೋಚಕ್ಕೂ ಅಲ್ಲ. ಎರಡೂ ಕೈ ಜೋಡಿಸಿ ಅಂದ.

ಮುಂದಿನ ಎಲೆಯವರು ಸೌಟು ತಮ್ಮ ಕಡೆ ತಿರುಗುವ ಮೊದಲೇ ಸಾಕು ಅಂದರು. ಅದರ ಮುಂದಿನವರು ಅಡುಗೆಮನೆಯ ಬಾಗಿಲ ಕಡೆ ಒಂದು ಕಣ್ಣಿಟ್ಟು, "ಅರ್ಧ ಸೌಟು ಹಾಕಿ ಅಕ್ಕ, ಸಾಕೇ ಸಾಕು," ಅಂದರು. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೂ ಅದೇ ಮಾತು. ಹಾಕಿದ್ದನ್ನು ಅಗಳು ಬಿಡದೆ ಉಂಡು, ಮಜ್ಜಿಗೆ ಕುಡಿದು, ತೇಗಿ ಎದ್ದರು. ಕೊಳಗದಲ್ಲಿ ಇನ್ನೂ ಮಿಕ್ಕಿತ್ತು. ವನಜಾಕ್ಷಮ್ಮ ಸೌಟು ಹಿಡಿದುಕೊಂಡೇ ಅದನ್ನು ನಂಬದವರ ಹಾಗೆ ನೋಡುತ್ತಾ ನಿಂತರು.

ಅಶ್ವತ್ಥನಾರಾಯಣ ರಾಯರು ತುಪ್ಪ ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತಾ ಬಂದರು. ಹೊಸ ಪಂಚೆಯ ತುಂಬ ಪಾಯಸದ ನಕ್ಷೆ ಇತ್ತು. ವನಜಾಕ್ಷಮ್ಮ ಬೈಗುಳಕ್ಕೆ ತಲೆ ತಗ್ಗಿಸಿದರು.

"ಆ ಕೊಳಗ ಎಷ್ಟು ಜನಕ್ಕೆ ಅಂತ ಮಾಡಿದ್ದಮ್ಮ?"

"ಅಡುಗೆಯವ್ರಿಗೆ, ಪಾತ್ರೆ ತೊಳೆಯೋರಿಗೆ ರಾಯರೇ. ತಪ್ಪಾಯ್ತು."

"ಇಡೀ ಪಂಕ್ತಿ ಉಂಡು ಇನ್ನೂ ಇದೆಯಲ್ಲ?"

"ಮೊದಲನೇ ಸಲಕ್ಕೇ ಎಲ್ಲಾ ಸಾಕು ಅಂದ್ರು. ನಿಜವಾಗ್ಲೂ ಅಂದ್ರು."

ರಾಯರು ಕೊಳಗದೊಳಗೆ ಬಗ್ಗಿ ನೋಡಿದರು. ಎಲೆಗಳ ಕಡೆ ನೋಡಿದರು, ತೊಳೆದಿಟ್ಟ ಹಾಗಿದ್ದವು. "ನಲವತ್ತು ವರ್ಷದಿಂದ ಈ ಛತ್ರ ನಡೆಸ್ತಿದೀನಿ," ಅಂದರು ಕೊನೆಗೆ. "ಒಂದು ಪಂಕ್ತಿ ಎದ್ಮೇಲೆ ಇಷ್ಟು ಕಮ್ಮಿ ಎಂಜಲು ಎತ್ತಿದ್ದನ್ನ ನೋಡೇ ಇಲ್ಲ. ಅಡುಗೆಮನೆ ನಿಮಗೇ ಕಣಮ್ಮ. ಆದ್ರೆ ಒಂದು ಷರತ್ತು. ಆ ಬಡಿಸಪ್ಪ ಇಲ್ಲೇ ಇರ್ಬೇಕು."

ವನಜಾಕ್ಷಮ್ಮ ಸೌಟು ಕೆಳಗಿಟ್ಟು ಕೈ ಮುಗಿದರು. "ರಾಯರೇ, ಬೇರೆ ಏನು ಬೇಕಾದ್ರೂ ಹೇಳಿ, ಅದನ್ನ ಮಾತ್ರ ಇನ್ನೊಂದ್ಸಲ ನಡೆಸೋದು..."

"ನಡೆಸಿ ಅಂತ ಯಾರು ಹೇಳಿದ್ರು? ಕೈ ಮೇಲಕ್ಕೆತ್ತಿ ಊಟದ ಮನೆ ಬಾಗಿಲಲ್ಲಿ ನಿಲ್ಲಿಸಿ, ಎಲ್ರಿಗೂ ಕಾಣೋ ಹಾಗೆ. ಅಷ್ಟು ಸಾಕು."

ಸುಬ್ಬಕೃಷ್ಣಯ್ಯ ಎರಡು ದಿನ ಛತ್ರದ ಕಡೆ ತಲೆ ಹಾಕಲಿಲ್ಲ. ಸಿ ಭಾಷೆಯಲ್ಲಿ ಬರೆದ ಸರ್ವರನ್ನು ಹೊಲದ ಬೆದರುಬೊಂಬೆಯ ಹಾಗೆ ನಿಲ್ಲಿಸಿದ್ದರಿಂದ ಅವರಿಗೆ ಬಹಳ ನೋವಾಗಿತ್ತು. ಮೂರನೇ ದಿನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ವನಜಾಕ್ಷಮ್ಮ ತಮ್ಮ ಹೊಸ ಒಲೆಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು.

"ವನಜಾ, ಅವನು ಹಾಗೆ ಸತ್ತವನ ಹಾಗೆ ನಿಂತಿರೋದು ನೋಡೋಕಾಗಲ್ಲ ಕಣೇ. ಕೊನೇಪಕ್ಷ ಕರೆಂಟಾದ್ರೂ ಕೊಡಲಾ?"

ವನಜಾಕ್ಷಮ್ಮ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಕಣ್ಣಿನ ಜಾಗದಲ್ಲಿ ಒಂದು ಕೆಂಪು ದೀಪ ಹಾಕಿ," ಅಂದರು. "ಆಗ ಮಜ್ಜಿಗೇನೂ ಉಳಿಯುತ್ತೆ."